ಮೂವತ್ತೆಂಟರ ಹೊಸಬ

ಕಣ್ಣಿಗೆ ಹನಿ ಹಾಕಿ ಅರ್ಧ ಗಂಟೆ ಕೂರಿಸಿದ್ದರು. ಎದುರಿನ ಗೋಡೆಯ ಅಕ್ಷರಗಳೆಲ್ಲ ನೀರಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿದ್ದವು. ಕೈಯಲ್ಲಿದ್ದ ಅರ್ಜಿಯಲ್ಲಿ ವಯಸ್ಸಿನ ಕಾಲಂ ಎಲ್ಲಿದೆ ಅಂತಲೂ ತಿಳಿಯದೆ ಅದನ್ನು ಹೆಂಡತಿಯ ಕೈಗಿತ್ತೆ. ಅವಳು ಒಂದೊಂದೇ ಪ್ರಶ್ನೆ ಓದುತ್ತ ಹೋದಳು.

“ತಲೆಗೆ ಪೆಟ್ಟು ಬಿದ್ದು ಯಾವತ್ತಾದ್ರೂ ಪ್ರಜ್ಞೆ ತಪ್ಪಿದ್ದುಂಟಾ ಅಂತ ಕೇಳಿದಾರೆ, ರೀ.”

“ಇಲ್ಲ ಅಂತ ಹಾಕು.”

“ತಪ್ಪಿದ್ದಿದ್ರೆ ಒಂಚೂರು ಬುದ್ಧಿನಾದ್ರೂ ಬರ್ತಿತ್ತು,” ಅಂದು ‘ಇಲ್ಲ’ದ ಮುಂದೆ ಟಿಕ್ ಹಾಕಿದಳು.

ವೃತ್ತಿಪರ ಬಾಕ್ಸಿಂಗ್ ಲೈಸೆನ್ಸಿಗೆ ವೈದ್ಯಕೀಯ ಪರೀಕ್ಷೆ ಮಾಡಿಸಿದ ದಿನ ಅದು. ನನಗೆ ಆಗ ಮೂವತ್ತೆಂಟು. ಅದೇ ಬೆಂಚಿನ ಮೇಲೆ ಅದೇ ಕೆಲಸಕ್ಕೆ ಬಂದ ಇಬ್ಬರು ಹುಡುಗರಿದ್ದರು, ಇಬ್ಬರಿಗೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗೆ ರಕ್ತ ಕೊಟ್ಟರು, ಕಣ್ಣು ತೋರಿಸಿದರು, ಹೊರಟೇಹೋದರು. ನನ್ನ ಚೀಟಿಯಲ್ಲಿ ಮಾತ್ರ ಹೃದಯದ ಪರೀಕ್ಷೆ ಬೇರೆ, ತಲೆಯ ಎಂಆರ್‌ಐ ಬೇರೆ. ವಯಸ್ಸು ಮೂವತ್ತೈದು ದಾಟಿದ ಮೇಲೆ ಇಂಥ ಹೆಚ್ಚಿನ ಪರೀಕ್ಷೆ ಕೇಳುವುದು ಈ ಆಟದಲ್ಲಿ ಹೊಸದಲ್ಲ. ಅವಮಾನ ಅಂತೇನೂ ಅನಿಸಲಿಲ್ಲ. ಆದರೆ ಹುಡುಗರಲ್ಲೊಬ್ಬ ಹೋಗುವಾಗ “ಅಂಕಲ್, ನಿಮ್ಮ ಮಗನೂ ಆಡ್ತಾನಾ?” ಅಂತ ಕೇಳಿದ್ದು ಮಾತ್ರ ಸ್ವಲ್ಪ ಚುಚ್ಚಿತು.

ನಾನು ಜಿಮ್ಮಿಗೆ ಕಾಲಿಟ್ಟಿದ್ದು ಮೂವತ್ತನಾಲ್ಕರಲ್ಲಿ, ಹೊಟ್ಟೆ ಕರಗಿಸಲು. ಅಲ್ಲಿಯವರೆಗೆ ಈ ಕೈಗಳು ಮಾಡಿದ ದೊಡ್ಡ ಕೆಲಸ ಎಂದರೆ ಕೀಬೋರ್ಡ್ ಕುಟ್ಟಿದ್ದು. ವರ್ಷದ ಮೇಲೆ ಕೋಚ್ ಮೊದಲ ಸಲ ಸ್ಪಾರಿಂಗಿಗೆ, ಅಂದರೆ ಜೊತೆಗಾರನೊಡನೆ ಅಭ್ಯಾಸದ ಗುದ್ದಾಟಕ್ಕೆ, ಇಳಿಸಿದರು. ಮೂಗಿನಿಂದ ರಕ್ತ ಸುರಿಸಿಕೊಂಡು ಮನೆಗೆ ಬಂದ ಆ ರಾತ್ರಿ ನಾನು ಯಾಕೆ ಅಷ್ಟು ಖುಷಿಯಾಗಿದ್ದೆ ಅನ್ನುವುದಕ್ಕೆ ಇವತ್ತಿಗೂ ಹೆಂಡತಿಗೆ ಒಪ್ಪಿಗೆಯಾಗುವ ಉತ್ತರ ಕೊಡಲು ಆಗಿಲ್ಲ. ಐದು ಅಮೆಚೂರ್, ಅಂದರೆ ಹವ್ಯಾಸಿ, ಪಂದ್ಯ ಆಡಿದೆ, ಮೂರರಲ್ಲಿ ಸೋತೆ. ಅಷ್ಟರಲ್ಲಿ ಆ ಬಾಗಿಲು ಮುಚ್ಚುವ ಹೊತ್ತು ಹತ್ತಿರ ಬಂದಿತ್ತು. ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗಿನಲ್ಲಿ ವಯೋಮಿತಿ ನಲವತ್ತು. ಆರು ಸಲ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಅವರಿಗೇ ಆ ನಿಯಮ ಅಡ್ಡ ಬಂತೆಂದ ಮೇಲೆ ನನ್ನಂಥವನ ಮಾತೇನು? ವೃತ್ತಿಪರ ಕಡೆ ಇಡೀ ಜಗತ್ತಿಗೆ ಅನ್ವಯಿಸುವ ಒಂದೇ ಗೆರೆ ಇಲ್ಲ. ಲೈಸೆನ್ಸ್ ಕೊಡುವವರು ಒಪ್ಪಬೇಕು, ಡಾಕ್ಟರ್ ಸಹಿ ಹಾಕಬೇಕು, ಅಷ್ಟೆ.

ಈ ಹುಚ್ಚಿನ ಸುದ್ದಿ ಕಿವಿಗೆ ಬಿದ್ದವರೆಲ್ಲ ನನಗೆ ಹೇಳಿದ್ದು ಜಾರ್ಜ್ ಫೋರ್‌ಮನ್ ಕಥೆ. 1994ರಲ್ಲಿ, ನಲವತ್ತೈದನೇ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ಹತ್ತನೇ ರೌಂಡಿನಲ್ಲಿ ಮಲಗಿಸಿ ಹೆವಿವೇಟ್ ಪಟ್ಟ ಮರಳಿ ಗೆದ್ದ ಕಥೆ. ಕೇಳಲು ಚೆನ್ನಾಗಿದೆ. ಆದರೆ ಆತ 1968ರ ಒಲಿಂಪಿಕ್ಸ್ ಚಿನ್ನ ಗೆದ್ದವನು, 1973ರಲ್ಲೇ ಜೋ ಫ್ರೇಜಿಯರ್‌ನನ್ನು ಹೊಡೆದುರುಳಿಸಿ ಚಾಂಪಿಯನ್ ಆದವನು ಅನ್ನುವುದನ್ನು ಯಾರೂ ಹೇಳುವುದಿಲ್ಲ. ನಲವತ್ತೊಂಬತ್ತರಲ್ಲೂ ಚಾಂಪಿಯನ್ ಆಗಿದ್ದ ಬರ್ನಾರ್ಡ್ ಹಾಪ್ಕಿನ್ಸ್ ವೃತ್ತಿಪರನಾಗಿದ್ದು 1988ರಲ್ಲಿ. ರ‍್ಯಾಂಡಿ ಕೂಟೂರ್ ಮೂವತ್ತಮೂರರಲ್ಲಿ, 1997ರ ಮೇ ತಿಂಗಳಲ್ಲಿ, ಕುಸ್ತಿ, ಗುದ್ದು, ಒದೆ ಎಲ್ಲ ಬೆರೆತ ಎಂಎಂಎಗೆ ಇಳಿದು ಅದೇ ಡಿಸೆಂಬರಿನಲ್ಲಿ ಆ ಆಟದ ದೊಡ್ಡ ಸಂಸ್ಥೆ ಯುಎಫ್‌ಸಿಯ ಚಾಂಪಿಯನ್ ಆದದ್ದು ನಿಜ. ಆದರೆ ಅದಕ್ಕೆ ಮೊದಲು ಎಷ್ಟು ವರ್ಷ ಕುಸ್ತಿಯ ಮ್ಯಾಟಿನ ಮೇಲೆ ಬೆವರು ಸುರಿಸಿದ್ದ! ಇವರೆಲ್ಲ ಹಳೇ ಠೇವಣಿಯ ಬಡ್ಡಿ ತಿಂದವರು. ನಾನು ಈಗಷ್ಟೇ ಖಾತೆ ತೆರೆಯಲು ಬಂದು ಸಾಲಿನಲ್ಲಿ ನಿಂತವನು.

ಎಂಆರ್‌ಐ ಕೊಳವೆಯೊಳಗೆ ಅಲ್ಲಾಡದೆ ಮಲಗುವುದು ರಿಂಗಿಗಿಂತ ಕಷ್ಟ. ಅದರ ಟಕಟಕ ಸದ್ದಿಗೆ ನನಗೆ ಗೊತ್ತಿಲ್ಲದೆಯೇ ಮನಸ್ಸಿನಲ್ಲಿ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹಾಕುತ್ತಿದ್ದೆ. ಹೊರಗಿನಿಂದ ಮೈಕಿನಲ್ಲಿ “ಭುಜ ಅಲ್ಲಾಡಿಸಬೇಡಿ” ಅಂತ ಎರಡು ಸಲ ಗದರಿಸಿಕೊಂಡೆ.

ಸಂಜೆ ಡಾಕ್ಟರ್ ಚಿತ್ರಗಳನ್ನು ಪರದೆಯ ಮೇಲೆ ತೆರೆದರು. ವಯಸ್ಸಾದಂತೆ ಮಿದುಳು ಸ್ವಲ್ಪ ಸ್ವಲ್ಪವೇ ಕುಗ್ಗುತ್ತದಂತೆ. ಅದರ ಮೇಲ್ಮೈಯಿಂದ ಹೊರಗಿನ ಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಆಗ ಬಿಗಿದುಕೊಳ್ಳುತ್ತವೆ. ತಲೆ ಜೋರಾಗಿ ತಿರುಗಿದಾಗ ಅವು ಹರಿದರೆ ಒಳಗೇ ರಕ್ತ ಕಟ್ಟುತ್ತದೆ. ಇದನ್ನೆಲ್ಲ ಅವರು ಪೆನ್ನಿನ ತುದಿಯಲ್ಲಿ ತೋರಿಸಿ, ಸಮಾಧಾನವಾಗಿ ಹೇಳಿದರು. ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಇಷ್ಟು ಚೆನ್ನಾಗಿರೋ ಮಿದುಳನ್ನ ಹೊಡೆಸಿಕೊಳ್ಳೋಕೆ ತಗೊಂಡು ಹೋಗ್ತೀರಾ?”

ನಾನು ಏನೋ ಹೇಳಲು ಬಾಯಿ ತೆರೆದೆ. ಹೆಂಡತಿ ತಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ: “ಪಂದ್ಯ ಆದ್ಮೇಲೆ ಯಾವ್ಯಾವ ಲಕ್ಷಣ ಕಂಡರೆ ಕರ್ಕೊಂಡು ಬರ್ಬೇಕು ಡಾಕ್ಟ್ರೇ?” ಡಾಕ್ಟರ್ ಹೇಳುತ್ತ ಹೋದರು. ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ, ತೊದಲು, ಎಬ್ಬಿಸಿದರೂ ಏಳದ ಮಂಪರು. ಅವಳು ಎಲ್ಲವನ್ನೂ ಬರೆದುಕೊಂಡಳು. ಸಹಿ ಬಿತ್ತು. “ಈ ಚಿತ್ರ ಜೋಪಾನವಾಗಿಡಿ, ಮುಂದಿನದನ್ನ ಇದರ ಪಕ್ಕ ಇಟ್ಟು ನೋಡ್ಬೇಕು” ಅಂದರು. ವಾಪಸ್ ಬರುವಾಗ ಅವಳೇ ಕಾರು ಓಡಿಸಿದಳು. ನನ್ನ ಕಣ್ಣಿಗೆ ಎದುರಿನ ದೀಪಗಳೆಲ್ಲ ಒಡೆದು ಹರಡಿದ್ದವು.

ಪಂದ್ಯ ಸಿಕ್ಕಿದ್ದು ಎರಡು ತಿಂಗಳ ನಂತರ. ಒಬ್ಬ ಇಪ್ಪತ್ತೆರಡರ ಹುಡುಗನ ಎದುರಾಳಿ ಗಾಯಗೊಂಡು ಹಿಂದೆ ಸರಿದಿದ್ದ. ಒಂಬತ್ತು ದಿನ ಬಾಕಿ ಇತ್ತು. ಇಂಥ ಫೋನ್ ತಡವಾಗಿ ಶುರು ಮಾಡಿದವರಿಗೆ ಯಾಕೆ ಬರುತ್ತದೆ ಅಂತ ನನಗೂ ಗೊತ್ತು, ಕೋಚ್‌ಗೂ ಗೊತ್ತು. ಬೆಳೆಯುವ ಹುಡುಗನ ಲೆಕ್ಕಕ್ಕೆ ಒಂದು ಗೆಲುವು ಸೇರಬೇಕು, ಅದಕ್ಕೆ ಸೋಲಲು ಒಂದು ಮೈ ಬೇಕು. ಒಪ್ಪಿದೆ. ತೂಕದ ಮಿತಿ 63.5 ಕೆಜಿ. ನೀರು ಬಿಟ್ಟು ತೂಕ ಇಳಿಸುವುದಕ್ಕೆ ಕೋಚ್ ಬಿಡಲೇ ಇಲ್ಲ: “ಒಣಗಿದ ತಲೆಗೆ ಏಟು ಬೀಳೋದು ಬೇಡ. ಇಳಿದರೆ ಇಳೀತು, ಇಲ್ಲಾಂದ್ರೆ ಪಂದ್ಯವೇ ಬೇಡ.” ಇಳಿಯಿತು, ಹೇಗೋ.

ಆ ರಾತ್ರಿ ಕೈಗೆ ಪಟ್ಟಿ ಸುತ್ತಿದ ಮೇಲೆ ಅಧಿಕಾರಿಯೊಬ್ಬರು ಬಂದು ಟೇಪಿನ ಮೇಲೆ ಸಹಿ ಹಾಕಿದರು. ಅಭ್ಯಾಸದಲ್ಲಿ ತೊಡುತ್ತಿದ್ದದ್ದು 16 ಔನ್ಸಿನ ದಪ್ಪ ಗ್ಲೌಸ್, ತಲೆಗೆ ಹೆಡ್‌ಗಾರ್ಡ್. ಈಗ 8 ಔನ್ಸ್, ತಲೆಯ ಮೇಲೆ ಏನೂ ಇಲ್ಲ. ಗ್ಲೌಸ್ ತೊಟ್ಟು ಅಂಗೈಗೆ ಗುದ್ದಿಕೊಂಡರೆ ಬರಿಗೈಯ ಹಾಗೇ ಇತ್ತು.

ನಾಲ್ಕು ರೌಂಡಿನ ಬಗ್ಗೆ ಹೆಚ್ಚೇನೂ ಇಲ್ಲ, ನೆನಪಿರುವುದೂ ಕಡಿಮೆ. ಅವನ ಬಲಗೈ ಬರುವುದು ನನಗೆ ಕಾಣುತ್ತಿತ್ತು. ಅದೇ ವಿಚಿತ್ರ. ಭುಜ ಅಲುಗುವುದು ಕಂಡಿತು, ‘ಬಲಗೈ’ ಅಂತ ಮನಸ್ಸು ಹೆಸರನ್ನೂ ಹೇಳಿತು, ಅಷ್ಟರಲ್ಲಿ ಅದು ಬಂದು ಕೆನ್ನೆ ಸೇರಿತ್ತು. ಹೊಡೆತದ ಬಲ ನನಗಿನ್ನೂ ಇದೆ, ಮೂರು ನಿಮಿಷ ಓಡಾಡುವ ಉಸಿರೂ ಇದೆ. ಇಲ್ಲದ್ದು ಕಂಡದ್ದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ನಡುವಿನ ಆ ಚೂರು. ಚಿಕ್ಕಂದಿನಿಂದ ಆಡಿದವರು ಅಲ್ಲಿ ಯೋಚಿಸುವುದೇ ಇಲ್ಲ, ನಾನು ಪ್ರತಿ ಸಲ ಯೋಚಿಸುತ್ತಿದ್ದೆ. ಮೂರನೇ ರೌಂಡಿನಲ್ಲಿ ಅವನು ಸ್ವಲ್ಪ ದಣಿದ. ಹಗ್ಗಕ್ಕೆ ಒತ್ತಿ ನಿಲ್ಲಿಸಿ ಪಕ್ಕೆಗೆ ಎಡಗೈ ಬಿಟ್ಟೆ. ‘ಹುಕ್’ ಅಂತ ಅವನ ಬಾಯಿಂದ ಗಾಳಿ ಬಂದದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ನಾಲ್ಕನೇ ರೌಂಡಿಗೆ ಅವನು ಚೇತರಿಸಿಕೊಂಡ, ನಾನು ಚೇತರಿಸಿಕೊಳ್ಳಲಿಲ್ಲ.

ಇಬ್ಬರು ತೀರ್ಪುಗಾರರು ಅವನ ಪರವಾಗಿ 40–36 ಕೊಟ್ಟರು, ಒಬ್ಬರು 39–37. ಡಾಕ್ಟರ್ ಟಾರ್ಚ್ ಬಿಟ್ಟು ಕಣ್ಣು ನೋಡಿ, ಮೂವತ್ತು ದಿನ ಸ್ಪಾರಿಂಗ್ ಕೂಡದು ಅಂತ ಪುಸ್ತಕದಲ್ಲಿ ಬರೆದರು. “ಅರವತ್ತು ಅಂತ ಓದ್ಕೊಳ್ಳಿ,” ಅಂದರು ಕೋಚ್. ಗೆದ್ದ ಹುಡುಗ ಬಂದು ತಬ್ಬಿಕೊಂಡ. “ಅಂಕಲ್, ಮೂಗು ಸರಿ ಇದೆ ಅಲ್ವಾ?”

ಹೆಂಡತಿ ರಾತ್ರಿಯಿಡೀ ಎರಡೆರಡು ಗಂಟೆಗೊಮ್ಮೆ ಎಬ್ಬಿಸಿ ನನ್ನ ಹೆಸರು, ವಾರ, ತಿಂಗಳು ಕೇಳಿದಳು. ನಾಲ್ಕನೇ ಸಲ ಮದುವೆಯಾದ ದಿನಾಂಕ ಕೇಳಿದಳು. ಅದು ಪರೀಕ್ಷೆಯಲ್ಲಿರಲಿಲ್ಲ.

ಬೆಳಿಗ್ಗೆ ಮಗಳು ನನ್ನ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿ, ಗೆದ್ದೆಯಾ ಅಂತ ಕೇಳಿದಳು.

“ಸೋತೆ ಪುಟ್ಟಿ. ಆದರೆ ಒಬ್ಬರು ಒಂದು ರೌಂಡು ನನಗೆ ಕೊಟ್ಟರು.”

ಅವಳು ಸ್ವಲ್ಪ ಯೋಚಿಸಿದಳು.

“ಅವರೂ ಕಣ್ಣಿಗೆ ಹನಿ ಹಾಕಿಸ್ಕೊಂಡಿದ್ರಾ ಅಪ್ಪ?”