‘ನಮ್ಮ ಮನೆ ಚಿಕ್ಕದು, ನಾವೇನು ಸೇವೆ ಮಾಡೋದು?’

ಚರ್ಚಿನಲ್ಲಿ ಆರಾಧನೆ ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ ಯಾರಾದರೊಬ್ಬರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ. “ಅಕ್ಕಾ, ನಿಮ್ಮ ಮನೆಗೆ ಯಾವಾಗಲೂ ಜನ ಬರ್ತಾ ಇರ್ತಾರೆ. ನಮಗೂ ಹಾಗೆ ಇರಬೇಕು ಅಂತ ಆಸೆ. ಆದರೆ ನಮ್ಮ ಮನೆ ಚಿಕ್ಕದು. ಕೈಯಲ್ಲಿ ದುಡ್ಡಿಲ್ಲ. ಬೈಬಲ್ ವಾಕ್ಯ ಹೇಳೋಕೂ ಬರೋದಿಲ್ಲ. ನಮ್ಮಂಥವರು ಮನೆಯಿಂದ ಏನು ಸೇವೆ ಮಾಡೋಕಾಗುತ್ತೆ?”

ನಿಂತಲ್ಲೇ ಎರಡು ಮಾತು ಹೇಳಿ ಬರುತ್ತೇನೆ. ಅಷ್ಟು ಸಾಲದು ಅಂತ ದಾರಿಯುದ್ದಕ್ಕೂ ಅನಿಸುತ್ತದೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಹೀಗೆ ಕೇಳುವವರ ಮನಸ್ಸಿನಲ್ಲಿ ‘ಜನ ಬರುವ ಮನೆ’ಯ ಒಂದು ಚಿತ್ರ ಇರುತ್ತದೆ. ಒರೆಸಿದ ನೆಲ, ಜೋಡಿಸಿಟ್ಟ ಹೊಸ ತಟ್ಟೆಗಳು, ನಾಲ್ಕು ಬಗೆಯ ಅಡುಗೆ, ಗಲಾಟೆ ಮಾಡದ ಮಕ್ಕಳು. ಅದು ಔತಣ. ಔತಣ ತಪ್ಪೇನಲ್ಲ. ಆದರೆ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಹೇಳುವ ಅತಿಥಿಸತ್ಕಾರ ಬೇರೆ. ಅಲ್ಲಿನ ಗ್ರೀಕ್ ಪದ ಫಿಲೊಕ್ಸೆನಿಯ. ಬಿಡಿಸಿ ನೋಡಿದರೆ ‘ಪರಕೀಯರ ಮೇಲಿನ ಪ್ರೀತಿ’ ಅಂತ ಅರ್ಥ. ಆ ಪದದಲ್ಲಿ ಅಡುಗೆಯ ಸುದ್ದಿ ಇಲ್ಲ, ಮನೆಯ ಅಳತೆಯೂ ಇಲ್ಲ. ಪರಿಚಯವಿಲ್ಲದವರನ್ನು ನಮ್ಮವರಂತೆ ಕಾಣುವ ಮನಸ್ಸು, ಅಷ್ಟೇ.

ನನಗೆ ಇದು ಅರ್ಥವಾಗಿದ್ದು ಒಂದು ರಾಶಿ ಬಟ್ಟೆಯಿಂದ.

ಪಕ್ಕದ ಮನೆಗೆ ಹೊಸದಾಗಿ ಬಂದ ಒಬ್ಬ ಅಮ್ಮ ಇದ್ದರು. ಗಂಡ ತೀರಿಕೊಂಡು ಕೆಲವು ತಿಂಗಳಾಗಿತ್ತು. ಕಂಡಾಗ ನಗುತ್ತಿದ್ದರು, ಒಂದೆರಡು ಮಾತಾಡುತ್ತಿದ್ದರು, ಅಷ್ಟೇ. ‘ಮನೆ ಸರಿ ಮಾಡಿಕೊಂಡು ಒಂದು ದಿನ ಊಟಕ್ಕೆ ಕರೆಯೋಣ’ ಅಂತ ನಾನು ಮುಂದಕ್ಕೆ ಹಾಕುತ್ತಲೇ ಇದ್ದೆ. ಒಂದು ಸಂಜೆ ಅವರೇ ಏನೋ ಕೇಳಲು ಬಾಗಿಲಿಗೆ ಬಂದರು. ಒಳಗೆ ಒಗೆದ ಬಟ್ಟೆಯ ರಾಶಿ ಕುರ್ಚಿಯ ಮೇಲಿತ್ತು. ಅದನ್ನು ಎತ್ತಿ ಒಳಗೆ ಬಿಸಾಕಬೇಕು ಅಂತ ಓಡಿದೆ. ಅಷ್ಟರಲ್ಲಿ ಅವರು ನೆಲದ ಮೇಲೆ ಕೂತು, ರಾಶಿಯನ್ನು ತಮ್ಮ ಕಡೆ ಎಳೆದುಕೊಂಡು, ನನ್ನ ಮಗನ ಅಂಗಿಯೊಂದನ್ನು ಮಡಚತೊಡಗಿದ್ದರು. ಕಾಲರ್ ಸರಿ ಮಾಡಿ, ತೋಳು ಹಿಂದಕ್ಕೆ ಮಡಚಿ, ಅಂಗೈಯಿಂದ ಒತ್ತಿ ನೇರ ಮಾಡುತ್ತಿದ್ದರು. ಆಮೇಲೆ ತಲೆ ಎತ್ತದೆಯೇ ಹೇಳಿದರು: “ಗಂಡಸರ ಅಂಗಿ ಮಡಚಿ ಎಷ್ಟೋ ದಿನ ಆಯ್ತು.”

ನಾನೂ ಎದುರಿಗೆ ಕೂತೆ. ಬಟ್ಟೆ ಮುಗಿಯುವವರೆಗೂ ಅವರು ಮಾತಾಡಿದರು. ಕೈಗೆ ಕೆಲಸ ಇದ್ದಿದ್ದರಿಂದ ನನ್ನ ಮುಖ ನೋಡಬೇಕಾಗಿರಲಿಲ್ಲ. ಅಳು ಬಂದಾಗ ಇನ್ನೊಂದು ಬಟ್ಟೆ ಎತ್ತಿಕೊಳ್ಳುತ್ತಿದ್ದರು. ನಾನು ಯೋಚಿಸಿಕೊಂಡಿದ್ದ ಊಟ ನಡೆದಿದ್ದರೆ ಆ ಮಾತು ಹೊರಗೆ ಬರುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಆವತ್ತಿನಿಂದ ನಮ್ಮ ಮನೆಗೆ ಬಂದವರಿಗೆ ನಾನು ಏನಾದರೂ ಕೆಲಸ ಕೊಡುತ್ತೇನೆ. ತರಕಾರಿ ಹೆಚ್ಚಿ ಅನ್ನುತ್ತೇನೆ, ಇಲ್ಲವೇ ಮಗುವನ್ನು ಸ್ವಲ್ಪ ಎತ್ತಿಕೊಳ್ಳಿ ಅನ್ನುತ್ತೇನೆ. ಕೂರಿಸಿ ಬಡಿಸಿದರೆ ಅವರು ಅತಿಥಿಗಳು. ಕೈಗೆ ಕೆಲಸ ಕೊಟ್ಟರೆ ಮನೆಯವರು. ಯೇಸು ಸಹ ಹಾಗೇ ಮಾಡಿದ್ದಲ್ವಾ? ಸಮಾರ್ಯದ ಹೆಂಗಸಿನ ಹತ್ತಿರ ಮೊದಲು ನೀರು ಕೇಳಿದನು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಿಗೆ, ಇವತ್ತು ನಾನು ನಿನ್ನ ಮನೆಯಲ್ಲೇ ಇರಬೇಕು ಅಂದನು. ಎಲ್ಲರೂ ದೂರ ಇಟ್ಟವನಿಗೆ ಆತಿಥ್ಯ ಮಾಡುವ ಗೌರವ ಕೊಟ್ಟನು. ಹಾಗಾಗಿ ನೆರೆಯವರು ನಿಮ್ಮನ್ನು ಕರೆದರೆ ಹೋಗಿ. ಅವರು ಬಡಿಸಿದ್ದನ್ನು ಊಟ ಮಾಡಿ. ಅದೂ ಸೇವೆಯೇ.

ಮನೆ ಚಿಕ್ಕದು ಅನ್ನುವವರಿಗೆ ನಾನು ಅರಸುಗಳ ಎರಡನೇ ಪುಸ್ತಕದ 4ನೇ ಅಧ್ಯಾಯ ತೋರಿಸುತ್ತೇನೆ. ಶೂನೇಮ್ ಊರಿನ ಒಬ್ಬ ಹೆಂಗಸು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಒಂದು ಸಣ್ಣ ಕೋಣೆ ಮಾಡಿಸಿದಳು. ಒಳಗೆ ಇಟ್ಟಿದ್ದು ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ದಣಿದು ಬಂದವನಿಗೆ ಮಲಗಲು, ಉಣ್ಣಲು, ಕೂರಲು, ಕತ್ತಲಾದ ಮೇಲೆ ಬೆಳಕಿಗೆ. ಆಕೆ ಸ್ಥಿತಿವಂತಳು, ಇನ್ನೂ ಎಷ್ಟೋ ಇಡಬಹುದಿತ್ತು. ಆದರೆ ಅವನಿಗೆ ಏನು ಬೇಕು ಅಂತ ಯೋಚಿಸಿದಳು. ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಮಾಡಿದ್ದಳು. ಈ ಮನುಷ್ಯ ಈ ದಾರಿಯಲ್ಲಿ ಆಗಾಗ ಹೋಗುತ್ತಾನೆ ಅಂತ ಗಮನಿಸಿದ್ದಳು. ಗಮನಿಸೋದಕ್ಕೆ ದೊಡ್ಡ ಮನೆ ಬೇಡ. ದುಡ್ಡಿಲ್ಲ ಅನ್ನುವವರಿಗೆ, ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ಸಾರೆಪ್ತದ ವಿಧವೆ ಇದ್ದಾಳೆ. ಆಕೆಯ ಮಡಕೆಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು.

‘ವಾಕ್ಯ ಹೇಳೋಕೆ ಬರೋದಿಲ್ಲ’ ಅನ್ನೋದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಅಕ್ವಿಲ, ಪ್ರಿಸ್ಕಿಲ್ಲ ನನಗೆ ಬಹಳ ಇಷ್ಟ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದಾಗ ಊರು ಬಿಟ್ಟು ಬಂದ ಗಂಡ ಹೆಂಡತಿ. ಕಸುಬು ಗುಡಾರ ಮಾಡುವುದು. ಕೊರಿಂಥದಲ್ಲಿ ಪೌಲನನ್ನು ಮನೆಯಲ್ಲಿ ಇಟ್ಟುಕೊಂಡರು, ಅವನ ಜೊತೆ ಕೂತು ಕೆಲಸ ಮಾಡಿದರು. ಎಫೆಸದಲ್ಲಿ ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು. ರೋಮಿಗೆ ಮರಳಿದ ಮೇಲೂ ಹಾಗೇ. ಎಫೆಸದಲ್ಲಿ ಅಪೊಲ್ಲೋಸ ಅನ್ನೋ ದೊಡ್ಡ ಮಾತುಗಾರ ಬಂದು ಬೋಧಿಸಿದನು. ಅವನಿಗೆ ಸ್ವಲ್ಪ ಅರ್ಥವಾಗದೆ ಉಳಿದಿತ್ತು. ಇವರು ಎಲ್ಲರ ಮುಂದೆ ತಿದ್ದಲಿಲ್ಲ. ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದರು. ಒಬ್ಬ ಮನುಷ್ಯನಿಗೆ ಮುಜುಗರ ಆಗದ ಹಾಗೆ ಕಲಿಸಲು ಮನೆಗಿಂತ ಒಳ್ಳೆಯ ಜಾಗ ಇಲ್ಲ.

ಸಭೆಗೆ ಪ್ರತ್ಯೇಕ ಕಟ್ಟಡ ಬರುವ ಮುಂಚೆ ಮನೆಯೇ ಎಲ್ಲವೂ ಆಗಿತ್ತು. ಫಿಲಿಪ್ಪಿಯಲ್ಲಿ ಲುದ್ಯಳ ಮನೆ, ಕೊಲೊಸ್ಸೆಯಲ್ಲಿ ಫಿಲೆಮೋನನ ಮನೆ. ಸಿರಿಯದಲ್ಲಿ ಯೂಫ್ರಟಿಸ್ ನದಿಯ ದಂಡೆಯ ದೂರಾ ಯೂರೋಪಸ್ ಎಂಬ ಹಳೆಯ ಊರನ್ನು ಅಗೆಯುವಾಗ, 1930ರ ದಶಕದ ಆರಂಭದಲ್ಲಿ, ಅಂಥ ಒಂದು ಮನೆ ಸಿಕ್ಕಿತು. ಸುಮಾರು ಕ್ರಿ.ಶ. 240ರ ಹೊತ್ತಿನದು. ಹೊರಗಿನಿಂದ ಎಲ್ಲರ ಮನೆಯ ಹಾಗೇ. ಒಳಗೆ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಜನ ಕೂಡಲು ಒಂದೇ ಕೋಣೆ ಮಾಡಿದ್ದರು. ಇನ್ನೊಂದರಲ್ಲಿ ದೀಕ್ಷಾಸ್ನಾನದ ತೊಟ್ಟಿ. ಜಾಗ ಸಾಲದಾದಾಗ ಗೋಡೆ ತೆಗೆದರು, ಎಷ್ಟು ಸರಳ ನೋಡಿ!

ಇನ್ನು ಬಹಳ ಮುಖ್ಯವಾದದ್ದು. ಊಟ ಗಾಳವಾಗಬಾರದು. ಊಟಕ್ಕೆ ಬನ್ನಿ ಅಂತ ಕರೆದು, ಬಂದವರು ತಟ್ಟೆ ಮುಂದೆ ಕೂತ ಮೇಲೆ ಬೈಬಲ್ ತೆರೆದರೆ ಅವರಿಗೆ ಮೋಸ ಹೋದ ಹಾಗಾಗುತ್ತದೆ. ವಾಕ್ಯದ ಅಧ್ಯಯನಕ್ಕೆ ಕರೆಯುವುದಾದರೆ ಅದನ್ನೇ ಹೇಳಿ ಕರೆಯಿರಿ. ಊಟಕ್ಕೆ ಕರೆದರೆ ಊಟ ಹಾಕಿ. ನಮ್ಮ ಮನೆಯಲ್ಲಿ ಒಂದು ಅಭ್ಯಾಸ ಇದೆ. ಊಟಕ್ಕೆ ಮುಂಚೆ ದಿನಾ ಪ್ರಾರ್ಥಿಸುತ್ತೇವೆ. ಬೇರೆ ನಂಬಿಕೆಯವರು ಬಂದರೆ ಅದನ್ನು ಬಿಡುವುದಿಲ್ಲ. ಅವರಿಗೆ ಕೇಳಿಸಲಿ ಅಂತ ಉದ್ದ ಮಾಡುವುದೂ ಇಲ್ಲ. ಅವರು ಮತ್ತೆ ಎಂದೂ ಸಭೆಯ ಕಡೆ ತಲೆ ಹಾಕದಿದ್ದರೂ ನಮ್ಮ ಬಾಗಿಲು ಅವರಿಗೆ ತೆರೆದೇ ಇರಬೇಕು. ಕೇಳಿದರೆ ಮಾತ್ರ ನಮ್ಮ ನಿರೀಕ್ಷೆಗೆ ಕಾರಣ ಹೇಳಲು ತಯಾರಿರಬೇಕು. ಪೇತ್ರನು ಬರೆದದ್ದೂ ಹಾಗೇ: ಕೇಳುವವರಿಗೆ, ಸಾತ್ವಿಕತ್ವದಿಂದ.

ಮತ್ತೆ ಅವರು ಕೇಳುವುದು ನಾವು ನೆನೆಸಿದ ವಿಷಯವನ್ನೇ ಅಲ್ಲ. ಒಬ್ಬ ಹುಡುಗ ಕೆಲವು ವಾರ ನಮ್ಮಲ್ಲಿ ಉಳಿದಿದ್ದ. ಒಂದು ಬೆಳಿಗ್ಗೆ ನಾನು ಮಗನ ಮೇಲೆ ಸುಮ್ನೆ ರೇಗಾಡಿದೆ. ಆಮೇಲೆ ಅವನ ಪಕ್ಕ ಕೂತು ‘ತಪ್ಪು ನನ್ನದು, ಕ್ಷಮಿಸು’ ಅಂದೆ. ಆ ಹುಡುಗ ನೋಡುತ್ತಿದ್ದ ಅಂತಲೂ ಗೊತ್ತಿರಲಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಕೇಳಿದ: “ದೊಡ್ಡವರು ಮಕ್ಕಳ ಹತ್ತಿರ ಕ್ಷಮೆ ಕೇಳ್ತಾರಾ ಆಂಟಿ?” ಆ ರಾತ್ರಿ ನಾವು ಬಹಳ ಹೊತ್ತು ಮಾತಾಡಿದೆವು. ನನಗೆ ಸಿಕ್ಕ ಕ್ಷಮೆಯ ಬಗ್ಗೆ ಹೇಳಿದೆ.

ಕಷ್ಟ ಇಲ್ಲ ಅಂತ ಹೇಳಲಾರೆ. ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರಲ್ಲಿ ಫ್ರಾನ್ಸಿಸ್ ಮತ್ತು ಈಡಿತ್ ಶೇಫರ್ ದಂಪತಿ 1955ರಲ್ಲಿ ತಮ್ಮ ಮನೆಯನ್ನೇ ಲಾಬ್ರಿ, ಅಂದರೆ ‘ಆಸರೆ’, ಅಂತ ಹೆಸರಿಟ್ಟು ಪ್ರಶ್ನೆ ಹೊತ್ತು ಬರುವ ಯುವಕರಿಗೆ ತೆರೆದರು. ಮೊದಲ ಮೂರು ವರ್ಷದಲ್ಲೇ ಮದುವೆಯ ಉಡುಗೊರೆಗಳೆಲ್ಲ ಹಾಳಾದವು, ಹೊದಿಕೆ ಹರಿದವು, ನೆಲಹಾಸಿನಲ್ಲಿ ಸುಟ್ಟ ತೂತು ಬಿದ್ದವು. ಗೊಣಗದೆ ಅತಿಥಿಸತ್ಕಾರ ಮಾಡಿರಿ ಅಂತ ಪೇತ್ರನು ಸುಮ್ನೆ ಬರೆದಿದ್ದಲ್ಲ. ಒಂದು ಸಂಜೆ, ಯೇಸು ಅಲ್ಲಿದ್ದಾಗ, ಊರಿಗೆ ಊರೇ ಪೇತ್ರನ ಮನೆ ಬಾಗಿಲಲ್ಲಿ ನೆರೆದಿತ್ತು ಅಂತ ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಗೊಣಗು ಎಲ್ಲಿಂದ ಬರುತ್ತದೆ ಅಂತ ಪೇತ್ರನಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಅನಿಸಿಕೆ.

ಅದಕ್ಕೆ ಮಿತಿಯೂ ಬೇಕು. ದಿದಾಖೆ ಎಂಬ ಸಭೆಯ ಬಹಳ ಹಳೆಯ ಕೈಪಿಡಿ, ಸಂಚಾರಿ ಬೋಧಕ ಒಂದು ದಿನ, ಬೇಕಾದರೆ ಎರಡು ದಿನ ಇರಲಿ, ಮೂರನೆಯ ದಿನವೂ ಕೂತರೆ ಅವನು ಸುಳ್ಳು ಪ್ರವಾದಿ ಅನ್ನುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಒಪ್ಪಿಗೆ ಇಲ್ಲದೆ ಯಾರನ್ನೂ ಉಳಿಸಿಕೊಳ್ಳಬೇಡಿ. ಮಕ್ಕಳನ್ನು ಹೊಸಬರ ಜೊತೆ ಒಂಟಿಯಾಗಿ ಬಿಡಬೇಡಿ. ವಾರದಲ್ಲಿ ಒಂದು ರಾತ್ರಿಯಾದರೂ ಮನೆ ಮನೆಯವರಿಗೇ ಇರಲಿ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ನಾಳಿದ್ದು ಹೇಗೂ ಅಡುಗೆ ಮಾಡುತ್ತೀರಿ. ಅದೇ ಅಡುಗೆ ಇರಲಿ, ಒಂದು ತಟ್ಟೆ ಜಾಸ್ತಿ ಇಡಿ. ಒಂಟಿಯಾಗಿ ಉಣ್ಣುವ ಒಬ್ಬರನ್ನು ಕರೆಯಿರಿ. ಅವರು ಬರುವ ಮುಂಚೆ ಮನೆ ಗುಡಿಸಿ, ಆದರೆ ಬಟ್ಟೆಯ ರಾಶಿ ಇದ್ದಲ್ಲೇ ಇರಲಿ.