641ಕ್ಕೆ ಸಿಕ್ಕಿಬಿದ್ದ ಸಂಖ್ಯೆ

4,29,49,67,297. ಬಾಯಲ್ಲಿ ಹೇಳೋದಾದರೆ 429 ಕೋಟಿ 49 ಲಕ್ಷ 67 ಸಾವಿರದ 297. ಮೂವತ್ತೆರಡು 2ಗಳನ್ನು ಗುಣಿಸಿ 1 ಕೂಡಿಸಿದರೆ ಇದು ಸಿಗುತ್ತದೆ. ನೋಡಿದರೆ ಅವಿಭಾಜ್ಯ ಸಂಖ್ಯೆ ಅನಿಸುತ್ತದೆ, ಅಲ್ವಾ? ನಾನೂ ಹಾಗೇ ನಂಬಿದ್ದೆ.

ಪ್ರೋಗ್ರಾಮಿಂಗ್ ಕಲಿಯೋ ಹೊಸತರಲ್ಲಿ ಅವಿಭಾಜ್ಯಗಳನ್ನು ಪತ್ತೆ ಮಾಡಲು ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಬೆಸ ಅವಿಭಾಜ್ಯ ಒಂದನ್ನು ತಗೊಂಡು, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಇದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ್ದು. ನಾನು ಇದನ್ನು ಉಲ್ಟಾ ಮಾಡಿ, ಶೇಷ 1 ಬಂತಾ, ಹಾಗಾದರೆ ಅವಿಭಾಜ್ಯ ಅಂದುಕೊಂಡೆ. ನಮ್ಮ ಸಂಖ್ಯೆ ಆರಾಮಾಗಿ ಪಾಸಾಯಿತು. ಆಗದೇ ಏನು? 2ರ 32ನೇ ಘಾತಕ್ಕೆ 1 ಸೇರಿಸಿದ್ದೇ ಈ ಸಂಖ್ಯೆ, ಹಾಗಾಗಿ ಆ ಘಾತದ ಶೇಷ −1, ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ. ಒಮ್ಮೆ ವರ್ಗ ಮಾಡಿದರೆ 1. ನಮಗೆ ಬೇಕಾದ ಘಾತ ಸಿಗೋದೂ ಹೀಗೇ ವರ್ಗ ಮಾಡುತ್ತಾ ಹೋದರೆ, ಆಮೇಲೆ ಎಷ್ಟು ಸಲ ವರ್ಗ ಮಾಡಿದರೂ 1ರ ಮೇಲೆ 1!

ಫರ್ಮಾ ಕೂಡ ಇದನ್ನು ಅವಿಭಾಜ್ಯ ಅಂತಲೇ ನಂಬಿದ್ದ, ಅದೊಂದು ಸಮಾಧಾನ. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಸಿಗುವ 3, 5, 17, 257, 65537 ಎಲ್ಲವೂ ಅವಿಭಾಜ್ಯ, ಹಾಗಾಗಿ ಇದೇ ಸಾಲಿನ ಮುಂದಿನದೂ ಹಾಗೇ ಇರುತ್ತದೆ ಅಂತ. 1732ರಲ್ಲಿ ಗಣಿತಜ್ಞ ಆಯ್ಲರ್ ಬಂದು 641 × 67,00,417 ಅಂತ ಒಡೆದು ತೋರಿಸಿದ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಅಪವರ್ತ್ಯಕ್ಕೆ 1 ಕೂಡಿಸಿದ ಸಂಖ್ಯೆಯೇ ಆಗಿರಬೇಕು. ಅಂಥವು 193, 257, 449, 577, 641. ಅಷ್ಟೇ, ಐದನೇ ಭಾಗಾಕಾರಕ್ಕೆ ಸಿಕ್ಕಿಬಿತ್ತು!

ಭಾಗಾಕಾರವೂ ಬೇಡ, ಸುಮ್ನೆ ಒಂದು ಚೀಟಿಯಲ್ಲಿ ನೋಡಬಹುದು. 641 ಅಂದರೆ 5 × 128ಕ್ಕೆ 1 ಕೂಡಿಸಿದ್ದು. ಅದೇ 641 ಅಂದರೆ 625 + 16 ಕೂಡ. 640ನ್ನು 641ರಿಂದ ಭಾಗಿಸಿದರೆ ಶೇಷ −1, ಹಾಗಾಗಿ 640ರ ನಾಲ್ಕನೇ ಘಾತಕ್ಕೆ ಶೇಷ 1. ಆ ನಾಲ್ಕನೇ ಘಾತವನ್ನು ಬಿಡಿಸಿದರೆ 625 × 2ರ 28ನೇ ಘಾತ. 625ರ ಜಾಗದಲ್ಲಿ −16 ಹಾಕಿದರೂ ಶೇಷ ಬದಲಾಗಲ್ಲ. 16 ಅಂದರೆ 2ರ ನಾಲ್ಕನೇ ಘಾತ, ಅದು 28ರ ಜೊತೆ ಸೇರಿ 32 ಆಯಿತು. ಅಂದರೆ 2ರ 32ನೇ ಘಾತಕ್ಕೆ ಶೇಷ −1. 1 ಕೂಡಿಸಿ, ಸೊನ್ನೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ಜಾದೂ ಥರ ಕಂಡಿತ್ತು. ಈಗಲೂ ಸ್ವಲ್ಪ ಹಾಗೇ.

ಅಂದಹಾಗೆ ಈ ಸಾಲಿನಲ್ಲಿ 65537 ಆದಮೇಲೆ ಇನ್ನೊಂದು ಅವಿಭಾಜ್ಯ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ದಾರಿ. ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೆ, ಅದು ಒಂದೇ ಒಂದು ರೀತಿಯಲ್ಲಿ ಮಾತ್ರ ಸಾಧ್ಯ. ನಮ್ಮದು 65536ರ ವರ್ಗ ಮತ್ತು 1ರ ವರ್ಗ, ಇದು ಎದುರಿಗೇ ಇದೆ. ಈಗ 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿ ನೋಡಿ. 387,68,05,696 + 41,81,61,601.