ಇಳಿತದ ಹೊತ್ತಿನಲ್ಲಿ ಮುಚ್ಚಿದ ಬಾಗಿಲುಗಳು

ಒಂದು ಆರೋಗ್ಯ ಉಪಕೇಂದ್ರಕ್ಕೆ ಬಯಲಿನಲ್ಲಾದರೆ 5,000, ಗುಡ್ಡಗಾಡಿನಲ್ಲಾದರೆ 3,000 ಜನ ಎಂಬುದು ಸರಕಾರದ ಲೆಕ್ಕ. ಕುಮಟಾದ ಕಡೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಂಚಿನ ಉಪಕೇಂದ್ರಕ್ಕೆ ನಾನು ನರ್ಸ್ ಆಗಿ ಬಂದ ಮೊದಲ ವರ್ಷ, ಆಶಾ ಕಾರ್ಯಕರ್ತೆಯೊಡನೆ ಬೆಳಗಿನ ಹತ್ತು ಗಂಟೆಗೆ ಮನೆಮನೆ ಸಮೀಕ್ಷೆಗೆ ಹೊರಡುತ್ತಿದ್ದೆ. ಸಿಕ್ಕವರು ವೃದ್ಧರು, ಬಾಣಂತಿಯರು, ಮಕ್ಕಳು. ಉಳಿದ ಮನೆಗಳ ಮುಂದೆ 'ಬಾಗಿಲು ಹಾಕಿದೆ' ಎಂದು ಬರೆದುಕೊಂಡೆ. 'ಸಿಸ್ಟ್ರೇ, ನೀರು ಇಳ್ದಿದೆ, ಈಗ ಮನೇಲಿ ಯಾರು ಸಿಗ್ತಾರೆ?' ಎಂದು ಆಕೆ ಹೇಳಿದ ಮೇಲೆಯೇ ನನಗೆ ತಿಳಿದದ್ದು, ಹೆಂಗಸರೆಲ್ಲ ಬಳಚು ಎಂಬ ಚಿಪ್ಪುಮೀನು ಆಯಲು ಅಳಿವೆಗೆ ಇಳಿದಿದ್ದಾರೆಂದು.

ಕಡಲ ನೀರಿನ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ವಾರದ ಇಂಥ ದಿನ ಇಂಥ ಗಂಟೆ ಎಂಬ ಕಚೇರಿಯ ಪ್ರವಾಸಪಟ್ಟಿ ಇಲ್ಲಿ ನಿಲ್ಲುವುದಿಲ್ಲ. ನೀರು ಏರುವ ಹೊತ್ತಿಗೆ ದಡದಲ್ಲಿ ಕಾದು ಮಾತನಾಡಿಸಿದಾಗ, ಚಿಪ್ಪು ಕೊಯ್ದ ಅಂಗಾಲು, ಬೆರಳ ಸಂದಿಯ ಹುಣ್ಣು, ಬೆನ್ನುನೋವು ಕಂಡವು. ಉರಿಮೂತ್ರದ ವಿಷಯ ಮಾತ್ರ ಎರಡು ಮೂರು ಭೇಟಿಗಳ ನಂತರ, ಅದೂ ತಗ್ಗಿದ ದನಿಯಲ್ಲಿ ಬಂತು: ಗಂಟೆಗಟ್ಟಲೆ ನೀರಿನಲ್ಲಿ ನಿಂತವರಿಗೆ ಮರೆಯ ಜಾಗವಿಲ್ಲದ್ದರಿಂದ, ಹೊರಡುವ ಮೊದಲೇ ಅವರು ನೀರು ಕುಡಿಯುವುದನ್ನು ಬಿಟ್ಟಿರುತ್ತಾರೆ. ಇದನ್ನು ಕೇಳುವ ಪ್ರಶ್ನೆ ನನ್ನ ಯಾವ ನಮೂನೆಯಲ್ಲಿಯೂ ಇರಲಿಲ್ಲ.

ಗಂಡಸರ ವಿಷಯ ಬೇರೆ. 30 ವರ್ಷ ದಾಟಿದವರೆಲ್ಲರ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಬೇಕೆಂಬ ನಿಯಮವಿದ್ದರೂ ಬೋಟಿಗೆ ಹೋಗುವವರು ಕೈಗೆ ಸಿಗುವುದು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಮಾತ್ರ. ಆ ಮಳೆಯಲ್ಲಿ ಬಲೆ ನೇಯುವ ಚಪ್ಪರದಡಿಯೇ ಯಂತ್ರವಿಟ್ಟುಕೊಂಡು ಕೂತೆ. 140/90 ದಾಟಿದವರಲ್ಲಿ ಅನೇಕರಿಗೆ ತಮಗೇನೋ ಆಗಿದೆಯೆಂಬ ಸುಳಿವೇ ಇರಲಿಲ್ಲ.

ಗ್ರಾಮ ಆರೋಗ್ಯ ಸಮಿತಿಯ ಸಭೆಯಲ್ಲಿ ಹೀಗೆ ಕಂಡ ಕಾಯಿಲೆಗಳ ಪಟ್ಟಿಯನ್ನು ಓದಿದಾಗ ಜನ ಅದನ್ನು ಬದಿಗಿರಿಸಿ, ಏಪ್ರಿಲ್‌ನಲ್ಲಿ ಬಾವಿಯ ನೀರು ಉಪ್ಪಾಗುವುದನ್ನೇ ಮೊದಲು ಬರೆಯಿರಿ ಎಂದರು. ಅದು ಪಂಚಾಯ್ತಿಯ ಕೆಲಸ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ; ಒಣಮೀನಿನ ಉಪ್ಪನ್ನು ಕಡಿಮೆ ಮಾಡಿ ಎಂದು ಮನೆಮನೆಗೆ ಹೇಳುತ್ತಾ ಬಂದಿದ್ದ ನಾನು, ಅನ್ನ ಬೇಯುವ ನೀರನ್ನು ಒಮ್ಮೆಯೂ ಬಾಯಿಗಿಟ್ಟು ನೋಡಿರಲಿಲ್ಲ. ಆ ಬೇಡಿಕೆ ಪಟ್ಟಿಯ ತಲೆಗೆ ಹೋಯಿತು, ಗ್ರಾಮಸಭೆಗೂ ಹೋಯಿತು. ಟ್ಯಾಂಕರ್ ಬರುವುದು ಇನ್ನೂ ಮೇ ತಿಂಗಳಲ್ಲಿಯೇ. ನಾನು ಮಾತ್ರ ಈಗ ತಿಂಗಳ ಪ್ರವಾಸಪಟ್ಟಿ ಬರೆಯುವ ಮುನ್ನ ಪಂಚಾಂಗದ ತಿಥಿ ನೋಡಿ ಇಳಿತದ ಹೊತ್ತನ್ನು ಡೈರಿಯಲ್ಲಿ ಗುರುತು ಮಾಡಿಕೊಳ್ಳುತ್ತೇನೆ.